ಸ್ಟೀಫನ್ಸ್ ಗುರುಗಳೂ ನಾಲ್ವರು ಸೆರೆಯಾಳುಗಳೂ

ವಂದನೀಯ ಥಾಮಸ್ ಸ್ಟೀಫನ್ಸರನ್ನು ನಾವು ಬಲ್ಲುದು 1616ರಲ್ಲಿ ಅಚ್ಚಾದ ಮರಾಠಿ ‘ಕ್ರಿಸ್ತಪುರಾಣ’ದಿಂದ; ಅವರ ಮರಣಾನಂತರ 1640ರಲ್ಲಿ ಬೆಳಕು ಕಂಡ ಕೊಂಕಣಿ ವ್ಯಾಕರಣದಿಂದ. (ಆ ವ್ಯಾಕರಣದ ಹೆಸರಿನಲ್ಲಿರುವ ‘ಕಾನಾರಿಂ’ ಎಂಬುದನ್ನು ಕನ್ನಡವೆಂದು ಭ್ರಮಿಸಬಾರದು, ಪೋರ್ಚುಗೀಸರು ಕೊಂಕಣಿಯನ್ನೇ ಹಾಗೆ ಕರೆಯುತ್ತಿದ್ದರು.) ಅವರ ಬಾಳಿನ ಇನ್ನೊಂದು ಪ್ರಸಂಗವು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಇಂಗ್ಲೆಂಡಿನ ವಿಲ್ಟ್‌ಷೈರಿನಲ್ಲಿ 1549ರ ಸುಮಾರಿಗೆ ಜನಿಸಿದ ಸ್ಟೀಫನ್ಸರು ರೋಮಿನಲ್ಲಿ ಯೇಸುಸಭೆಯನ್ನು ಸೇರಿ, 1579ರ ಅಕ್ಟೋಬರಿನಲ್ಲಿ ಗೋವೆಗೆ ಬಂದರು. ನಾಲ್ಕು ವರ್ಷಗಳ ತರುವಾಯ, 1583ರಲ್ಲಿ, ಹೊರ್ಮುಜಿನಲ್ಲಿ ಬಂಧಿತರಾದ ನಾಲ್ವರು ಆಂಗ್ಲರನ್ನು ಗೋವೆಯ ಸೆರೆಮನೆಗೆ ತರಲಾಯಿತು. ನ್ಯೂಬೆರಿ, ಫಿಚ್, ಲೀಡ್ಸ್, ಸ್ಟೋರಿ ಎಂದು ಅವರ ಹೆಸರು. ಎಲಿಜಬೆತ್ ರಾಣಿಯು ಅಕ್ಬರನಿಗೆ ಬರೆದ ಪತ್ರವು ಅವರಲ್ಲಿತ್ತು. ಪೋರ್ಚುಗಲ್ಲಿನ ಸಿಂಹಾಸನಕ್ಕೆ ಹಕ್ಕು ಸಾಧಿಸುತ್ತಿದ್ದ ದೊಂ ಆಂತೋನಿಯೊನ ಗೂಢಚಾರರೆಂಬ ಗುಮಾನಿಯೂ ಅವರ ಮೇಲಿತ್ತು.

ಅದೇ ರಾಣಿಯ ಆಳ್ವಿಕೆಯಲ್ಲಿ ಸ್ಟೀಫನ್ಸರ ಸಭೆಯವರೇ ಆದ ಎಡ್ಮಂಡ್ ಕ್ಯಾಂಪಿಯನ್ನರು ಲಂಡನಿನಲ್ಲಿ ವಧಿಸಲ್ಪಟ್ಟು ಆಗಿನ್ನೂ ಎರಡು ವರ್ಷ ಕಳೆದಿತ್ತಷ್ಟೆ. ಸ್ಟೀಫನ್ಸರು ಕೈಕಟ್ಟಿ ಕುಳಿತಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಅವರ ಹಾಗೂ ಇನ್ನೊಬ್ಬ ಗುರುವಿನ ನೆರವಿನಿಂದ ಜಾಮೀನು ಒದಗಿತು. ವೈಸರಾಯನ ಅಪ್ಪಣೆಯಿಲ್ಲದೆ ಊರು ಬಿಡುವುದಿಲ್ಲವೆಂಬ ಕರಾರು. ಮೊತ್ತ 2,000 ಡ್ಯೂಕಾಟ್. ಡಿಸೆಂಬರಿನಲ್ಲಿ ಅವರು ಹೊರಬಂದರು.

ಕಾನೂನಿನ ಈ ಪದವು ವಿಚಾರಯೋಗ್ಯವಾದುದು. ಜಾಮೀನಿಗೆ ಪೋರ್ಚುಗೀಸಿನಲ್ಲಿ ‘ಫಿಯಾನ್ಸಾ’. ಅದರ ಬೇರು ವಿಶ್ವಾಸವೆಂಬರ್ಥದ ಲ್ಯಾಟಿನ್ ‘ಫಿದೆಸ್’. ಇಂಗ್ಲಿಷಿನ ‘ಶ್ಯೂರಿಟಿ’ ಹುಟ್ಟಿದುದು ಚಿಂತೆಯಿಲ್ಲದಿರುವಿಕೆಯನ್ನು ಸೂಚಿಸುವ ಲ್ಯಾಟಿನ್ ಮೂಲದಿಂದ. ಒಂದು ಭಾಷೆಯವನು ನಂಬಿದೆನೆನ್ನುತ್ತಾನೆ, ಇನ್ನೊಂದರವನು ನಿಶ್ಚಿಂತನಾದೆನೆನ್ನುತ್ತಾನೆ. ನಿಘಂಟು ಇವೆರಡನ್ನೂ ಸಮಾನಾರ್ಥಕಗಳೆಂದು ಕೊಡುವುದು ತಪ್ಪಲ್ಲ. ಆದರೆ ನಡುವೆ ನಿಂತವನಿಗೆ ನಿಶ್ಚಿಂತೆಯೆಲ್ಲಿಯದು? ನಮ್ಮ ‘ಹೊಣೆ’ಯೇ ಅವನ ಸ್ಥಿತಿಗೆ ಹತ್ತಿರವೆಂದು ನಮಗೆ ತೋರುತ್ತದೆ.

ಜಾಮೀನುದಾರನಿಗೆ ತೆತ್ತ ಹಣವನ್ನು ವರ್ತಕರು ಮರಳಿ ಕೇಳಿದಾಗ ವೈಸರಾಯನು ಗದರಿಸಿದನು. ಮುಂದೆ ದಾಸ್ಯವೇ ಗತಿಯೆಂದು ಅಂಜಿ ನ್ಯೂಬೆರಿ, ಫಿಚ್ ಮುಂತಾದವರು 1584ರ ಏಪ್ರಿಲಿನಲ್ಲಿ ತಪ್ಪಿಸಿಕೊಂಡು, ಬೆಳಗಾವಿಯ ಮಾರ್ಗವಾಗಿ ಬಿಜಾಪುರವನ್ನು ಸೇರಿದರು. ಫಿಚ್ 1591ರಲ್ಲಿ ಲಂಡನನ್ನು ಮುಟ್ಟಿದನು; ನ್ಯೂಬೆರಿ ಮನೆ ಸೇರಲೇ ಇಲ್ಲ.

ಸ್ಟೀಫನ್ಸರು ಎಲ್ಲಿಗೂ ಹೋಗಲಿಲ್ಲ. 1619ರಲ್ಲಿ ಮೃತರಾಗುವವರೆಗೂ ಗೋವೆಯ ಜನರ ನಡುವೆಯೇ, ಬಹುಪಾಲು ಸಾಲ್ಸೆಟ್ಟಿನ ಧರ್ಮಕೇಂದ್ರಗಳಲ್ಲಿ, ಸೇವೆ ಸಲ್ಲಿಸಿದರು.