ಹೆಂಡತಿಯ ನೆರವು, ಹೆಂಗಳೆಯರಿಗೆ ವರ

ಗೆಳತಿಯರೇ, ಮನೆಮಂದಿಯ ಬಿಪಿ, ಶುಗರ್ ಎಲ್ಲ ನೆನಪಿಟ್ಟುಕೊಳ್ಳುವ ನೀವು ಪ್ಯಾಪ್ ಸ್ಮಿಯರ್ ಮಾಡಿಸಿ ಎಷ್ಟು ವರ್ಷವಾಯ್ತು? ‘ಪ್ಯಾಪ್’ ಅನ್ನೋದು ಒಬ್ಬ ವೈದ್ಯರ ಹೆಸರಿನ ತುಣುಕು ಅಂತ ಗೊತ್ತಾ?

ಡಾ. ಜಾರ್ಜ್ ಪಾಪನಿಕೊಲಾವು ಹುಟ್ಟಿದ್ದು 1883ರಲ್ಲಿ, ಗ್ರೀಸ್ ದೇಶದ ಕೀಮಿ ಊರಿನಲ್ಲಿ. 1913ರಲ್ಲಿ ಹೆಂಡತಿ ಆಂಡ್ರೊಮಾಖಿ ಜೊತೆ ನ್ಯೂಯಾರ್ಕ್‌ಗೆ ಬಂದಿಳಿದಾಗ ಕೈಯಲ್ಲಿ ಹೆಚ್ಚು ಕಾಸಿರಲಿಲ್ಲ. ಆಕೆ ಬಟ್ಟೆಗೆ ಗುಂಡಿ ಹೊಲಿದರು, ಇವರು ಜಮಖಾನೆ ಮಾರಿದರು. ಆಮೇಲೆ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಅವರ ಸಂಶೋಧನೆಗಾಗಿ ಆಂಡ್ರೊಮಾಖಿ ವರ್ಷಗಟ್ಟಲೆ ತಮ್ಮದೇ ಸ್ಮಿಯರ್ ಕೊಟ್ಟರು. ಮುಂದೆ ಬೇರೆ ಮಹಿಳೆಯರ ಸ್ಮಿಯರ್‌ನಲ್ಲಿ ಕ್ಯಾನ್ಸರ್ ಕಣಗಳೂ ಡಾಕ್ಟರ ಕಣ್ಣಿಗೆ ಬಿದ್ದವು. 1928ರಲ್ಲಿ ಇದನ್ನು ಹೇಳಿದಾಗ ಹೆಚ್ಚಿನವರು ಕಿವಿಗೊಡಲಿಲ್ಲ. ಅವರು ಬಿಡಲಿಲ್ಲ. 1941ರಲ್ಲಿ ಡಾ. ಹರ್ಬರ್ಟ್ ಟ್ರಾಟ್ ಜೊತೆ ಬರೆದ ಲೇಖನದ ನಂತರ ವೈದ್ಯಲೋಕ ಒಪ್ಪತೊಡಗಿತು. 1962ರಲ್ಲಿ ಅವರು ತೀರಿಕೊಂಡರು.

ಗರ್ಭಕಂಠದ ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ನೋವು ಕೊಡೋದಿಲ್ಲ. ಕ್ಯಾನ್ಸರ್ ಆಗುವ ಮೊದಲಿನ ಬದಲಾವಣೆ ಹಲವು ವರ್ಷ ಸದ್ದಿಲ್ಲದೆ ಇರುತ್ತೆ. ಆಗಲೇ ಗೊತ್ತಾದರೆ ಸಣ್ಣ ಚಿಕಿತ್ಸೆಯಲ್ಲೇ ಅದನ್ನು ತಡೆಯಬಹುದು. ಟಾನಿಕ್, ವಿಟಮಿನ್ ಮಾತ್ರೆ ಯಾವುದೂ ಈ ಪರೀಕ್ಷೆಗೆ ಬದಲಿಯಲ್ಲ. ಈಗ ಎಚ್‌ಪಿವಿ ಪರೀಕ್ಷೆಯೂ ಇದೆ. ವಯಸ್ಸು 30 ದಾಟಿದ್ದರೆ, ಯಾವುದು, ಎಷ್ಟು ವರ್ಷಕ್ಕೊಮ್ಮೆ ಅಂತ ಸ್ತ್ರೀರೋಗ ತಜ್ಞರನ್ನು ಕೇಳಿ. ಮುಟ್ಟಿಲ್ಲದ ದಿನ ಹೋಗಿ. ಕೆಲವೇ ನಿಮಿಷದ ಕೆಲಸ.

ನಾಚಿಕೆಯಿಂದ ನಾನೂ ಮುಂದಕ್ಕೆ ಹಾಕುತ್ತಾ ಬಂದವಳೇ. ಆಂಡ್ರೊಮಾಖಿ ಕಥೆ ಓದಿದ ಮೇಲೆ ನಾಚಿಕೆ ಬಿಟ್ಟೆ. ನೀವೂ ಬಿಡಿ. ಹಬ್ಬ ಮುಗೀಲಿ, ಮಕ್ಕಳ ಪರೀಕ್ಷೆ ಮುಗೀಲಿ ಅನ್ನಬೇಡಿ. ಈ ವಾರವೇ ಹೋಗಿಬನ್ನಿ.