ಉಪಾಧ್ಯಾಯರ ಪಂಕ್ತಿಯಲ್ಲಿ ಕುಳಿತ ಲಾಸಾಲ್

ಪರಸ್ಥಳದಲ್ಲಿ ಸಂಸಾರ ಹೂಡಿರುವ ನಮಗೆ ಪಾದ್ರಿಗಳ ಹೈಸ್ಕೂಲು ಹೊಸದಲ್ಲ. ಎಷ್ಟೋ ಕನ್ನಡ ಮನೆಗಳ ಮಕ್ಕಳು ಅಲ್ಲಿ ಓದಿ ಅನ್ನದ ದಾರಿ ಕಂಡುಕೊಂಡಿದ್ದಾರೆ. ಅಂಥ ಶಾಲೆಗಳ ಕ್ರಮಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬರಾದ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲರ ಚರಿತ್ರೆ ನಾವು ತಿಳಿಯತಕ್ಕದ್ದು.

ಅವರು ಹುಟ್ಟಿದ್ದು ೧೬೫೧ರಲ್ಲಿ, ಫ್ರಾನ್ಸಿನ ರೀಮ್ಸ್ ನಗರದ ಸಿರಿವಂತ ಮನೆತನದಲ್ಲಿ. ಹದಿನಾರು ತುಂಬುವ ಮೊದಲೇ ಅಲ್ಲಿಯ ಮಹಾದೇವಾಲಯದಲ್ಲಿ ಆದಾಯವುಳ್ಳ ಪದವಿ ದೊರೆಯಿತು. ಇಪ್ಪತ್ತೊಂದನೆಯ ವಯಸ್ಸಿಗೆ ತಂದೆತಾಯಿಗಳನ್ನು ಕಳೆದುಕೊಂಡು ತಮ್ಮತಂಗಿಯರ ಭಾರ ಹೊತ್ತರು. ೧೬೭೮ರಲ್ಲಿ ಪಾದ್ರಿಗಳಾದರು.

೧೬೭೯ರಲ್ಲಿ ಅದ್ರಿಯೆನ್ ನಿಯೆಲ್ ಎಂಬ ಗೃಹಸ್ಥರು ಬಡಮಕ್ಕಳಿಗೆ ಧರ್ಮಶಾಲೆ ತೆರೆಯಲು ರೀಮ್ಸಿಗೆ ಬಂದರು. ಲಾಸಾಲರು ನೆರವಾದರು. ಆ ಕಾಲದಲ್ಲಿ ಬಡವರ ಮಕ್ಕಳಿಗೆ ಪಾಠ ಹೇಳುವವನಿಗೆ ಮರ್ಯಾದೆಯೂ ಇರಲಿಲ್ಲ, ತಕ್ಕ ಸಂಬಳವೂ ಇರಲಿಲ್ಲ. ಲಾಸಾಲರು ಅಂಥವರನ್ನು ತಮ್ಮ ಮನೆಯ ಊಟಕ್ಕೆ ಕರೆದರು; ಆಮೇಲೆ ಮನೆಯಲ್ಲೇ ಇರಿಸಿಕೊಂಡರು. ಬಂಧುಗಳು ಮುನಿದರು. ೧೬೮೨ರಲ್ಲಿ ಲಾಸಾಲರೇ ಮನೆ ಬಿಟ್ಟು ಉಪಾಧ್ಯಾಯರೊಡನೆ ಬಾಡಿಗೆಯ ಮನೆಯಲ್ಲಿ ನಿಂತರು.

ನಾಳಿನ ಚಿಂತೆ ಮಾಡಬೇಡಿ, ದೇವರಿದ್ದಾನೆ ಎಂದು ಅವರು ಧೈರ್ಯ ಹೇಳಿದಾಗ, ಆಸ್ತಿಯೂ ಪದವಿಯೂ ಉಳ್ಳವರಿಗೆ ಆ ಮಾತು ಸುಲಭವೆಂದು ಉಪಾಧ್ಯಾಯರು ಮುಖಕ್ಕೇ ಹೇಳಿದರು. ಲಾಸಾಲರು ಕೋಪಿಸಿಕೊಳ್ಳಲಿಲ್ಲ. ೧೬೮೩ರಲ್ಲಿ ಪದವಿಯನ್ನು ಸ್ವಂತ ತಮ್ಮನಿಗಲ್ಲದೆ ಒಬ್ಬ ಬಡ ಪಾದ್ರಿಗೆ ಬಿಟ್ಟುಕೊಟ್ಟರು. ಮುಂದೆ ಬಂದ ಬರದಲ್ಲಿ ಆಸ್ತಿಯನ್ನು ಹಸಿದವರ ರೊಟ್ಟಿಗೆ ವ್ಯಯಿಸಿದರು. ಅಂದಿನಿಂದ ಉಪಾಧ್ಯಾಯರ ಬಡತನವೇ ಅವರ ಬಡತನವಾಯಿತು. ಈ ಬಳಗಕ್ಕೆ ಸಹೋದರರು ಎಂಬ ಹೆಸರು ಬಂತು. ಸಹೋದರರು ಪಾದ್ರಿಗಳಾಗದೆ ಜೀವಮಾನವೆಲ್ಲ ಉಪಾಧ್ಯಾಯರಾಗಿಯೇ ಇರಬೇಕೆಂಬುದು ನಿಯಮ.

ಅವರ ಶಾಲೆಯ ಒಂದು ಸುಧಾರಣೆ ಕನ್ನಡಿಗರ ಮನಸ್ಸಿಗೆ ನಾಟುವಂಥದು. ಆಗ ಮಕ್ಕಳಿಗೆ ಓದು ಮೊದಲಾಗುತ್ತಿದ್ದುದು ಲ್ಯಾಟಿನ್ನಿನಿಂದ. ಬಡವರ ಮಕ್ಕಳು ಬೇಗ ದುಡಿಮೆಗೆ ಹೊರಡುವವರು. ಅರ್ಥವಾಗದ ಭಾಷೆಯಲ್ಲಿ ತಡವರಿಸಿ ಏನನ್ನೂ ಓದಲಾರದೆ ಶಾಲೆ ಬಿಡುತ್ತಿದ್ದರು. ಲಾಸಾಲರು ಮನೆಮಾತಾದ ಫ್ರೆಂಚಿನಿಂದ ಓದು ಆರಂಭಿಸಿದರು. ಅದನ್ನು ಬಲ್ಲವನಿಗೆ ಲ್ಯಾಟಿನ್ ಸುಲಭವೆಂಬುದು ಅವರ ವಾದ. ಒಬ್ಬೊಬ್ಬ ಹುಡುಗನನ್ನು ಕರೆದು ಹೇಳಿಕೊಡುವ ಬದಲು ಇಡೀ ತರಗತಿಗೆ ಒಟ್ಟಿಗೆ ಪಾಠ ಹೇಳುವ ಪದ್ಧತಿಯನ್ನು ಬೇರೂರಿಸಿದರು. ಉಪಾಧ್ಯಾಯರ ತರಬೇತಿಗೂ ಶಾಲೆ ತೆರೆದರು. ೧೬೯೯ರಲ್ಲಿ ಪ್ಯಾರಿಸಿನಲ್ಲಿ ದುಡಿಯುವ ತರುಣರಿಗೆ ಭಾನುವಾರದ ಶಾಲೆ ನಡೆಸಿದರು. ೧೭೦೫ರಲ್ಲಿ ರೂವಾನ್ ನಗರದ ಬಳಿ ಸ್ಯಾಂತ್ ಯೋನಿನಲ್ಲಿ ವಿದ್ಯಾರ್ಥಿನಿಲಯ ಸಹಿತ ಶಾಲೆ ತೆರೆದರು. ಅಲ್ಲಿ ದೊಡ್ಡ ಹುಡುಗರಿಗೆ ರೇಖಾಗಣಿತ, ವ್ಯಾಪಾರ, ಲೆಕ್ಕಪತ್ರಗಳ ಪಾಠವಿತ್ತು. ಬ್ಯಾಂಕಿನ ಲೆಡ್ಜರಿನಲ್ಲಿ ಹಗಲು ಕಳೆಯುವ ನಮ್ಮಂಥವರಿಗೆ ಇದು ವಿಶೇಷ ಸಂತೋಷದ ಸಂಗತಿ.

ಕಷ್ಟಗಳೂ ಕಡಿಮೆಯಿರಲಿಲ್ಲ. ಬರವಣಿಗೆ ಕಲಿಸಿ ಜೀವಿಸುತ್ತಿದ್ದ ಪ್ಯಾರಿಸಿನ ಮಾಸ್ತರರು ತಮ್ಮ ಹೊಟ್ಟೆಗೆ ಕಲ್ಲು ಬಿತ್ತೆಂದು ವ್ಯಾಜ್ಯ ಹೂಡಿದರು. ೧೬೯೧ರಲ್ಲಿ ಕೆಲಸವೇ ಮುಳುಗುವಂತಿದ್ದಾಗ ಲಾಸಾಲರೂ ಇಬ್ಬರು ಸಹೋದರರೂ, ಭಿಕ್ಷೆ ಬೇಡಿಯಾದರೂ ಬಿಡೆವೆಂದು ಪ್ರತಿಜ್ಞೆ ಮಾಡಿದರು. ಆ ಇಬ್ಬರಲ್ಲಿ ಗಾಬ್ರಿಯೆಲ್ ದ್ರೊಲಿನ್ ೧೭೦೨ರಲ್ಲಿ ರೋಮಿಗೆ ಹೋಗಿ, ಇಪ್ಪತ್ತು ವರ್ಷಕ್ಕೂ ಮಿಕ್ಕಿ ಪರದೇಶದಲ್ಲಿ ಶಾಲೆಯ ದೀಪ ಉರಿಸಿದರು.

ನೊಂದ ಲಾಸಾಲರು ೧೭೧೨ರಲ್ಲಿ ದಕ್ಷಿಣ ಫ್ರಾನ್ಸಿಗೆ ಹೊರಟುಹೋದರು. ತಾವಿಲ್ಲದಿದ್ದರೇ ಕೆಲಸ ಚೆನ್ನಾಗಿ ನಡೆದೀತೆಂದು ಅವರಿಗೆ ಅನ್ನಿಸಿತ್ತು. ೧೭೧೪ರಲ್ಲಿ ಸಹೋದರರೇ ಪತ್ರ ಬರೆದು ಹಿಂತಿರುಗಬೇಕೆಂದು ಅಪ್ಪಣೆ ಮಾಡಿದರು. ಸ್ಥಾಪಕರು ಶಿಷ್ಯರ ಅಪ್ಪಣೆಗೆ ತಲೆಬಾಗಿ ಬಂದರು. ೧೭೧೭ರಲ್ಲಿ ಸಹೋದರರು ಚುನಾಯಿಸಿದ ಬಾರ್ತೆಲೆಮಿ ಎಂಬವರಿಗೆ ಮುಖ್ಯಸ್ಥಾನ ಒಪ್ಪಿಸಿ, ಉಳಿದ ದಿನಗಳನ್ನು ಅವರ ಅಧೀನದಲ್ಲಿ ಕಳೆದರು. ೧೭೧೯ರ ಏಪ್ರಿಲ್ ೭, ಶುಭಶುಕ್ರವಾರದಂದು ಸ್ಯಾಂತ್ ಯೋನಿನಲ್ಲಿ ತೀರಿಕೊಂಡರು.

೧೮೫೨ರಲ್ಲಿ ಸಹೋದರರು ಪೆನಾಂಗ್, ಸಿಂಗಪುರಗಳಿಗೆ ಬಂದರು. ೧೮೬೦ರಲ್ಲಿ ಬರ್ಮಾ ತಲುಪಿದರು. ೧೯೦೦ರಲ್ಲಿ ಲಾಸಾಲರನ್ನು ಸಂತರೆಂದು ಸಾರಲಾಯಿತು. ೧೯೫೦ರಲ್ಲಿ ಉಪಾಧ್ಯಾಯರ ಪೋಷಕಸಂತರೆಂಬ ಗೌರವ ಸಂದಿತು. ಇಂದು ಎಂಬತ್ತರಷ್ಟು ದೇಶಗಳಲ್ಲಿ ನಡೆಯುತ್ತಿರುವ ಅವರ ಶಾಲೆಗಳಲ್ಲಿ ಬಹುಪಾಲು ಉಪಾಧ್ಯಾಯರು ಗೃಹಸ್ಥರು, ಗೃಹಿಣಿಯರು.

ನಮ್ಮ ಸಂಘಗಳಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಹೊಣೆ ಸಾಮಾನ್ಯವಾಗಿ ಒಬ್ಬಿಬ್ಬರ ತಲೆಯ ಮೇಲೆ ಬೀಳುತ್ತದೆ. ಅವರು ದಣಿದರೆ ತರಗತಿಯೂ ನಿಲ್ಲುತ್ತದೆ. ರಾಜ್ಯೋತ್ಸವದ ದಿನ ಅವರಿಗೆ ಹಾರ ಹಾಕುವುದು ಸರಿಯೇ. ಮರುವಾರ ಅವರ ಪಕ್ಕದಲ್ಲಿ ಕುಳಿತು ನಾಲ್ಕು ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸುವುದೂ ನಮಗೆ ಸೇರಿದ ಕೆಲಸ.