ಆಗ್ನರ್ ಕ್ರಾರುಪ್ ಎರ್ಲಾಂಗ್ (1878–1929): ಜಾಲ ಸೇವೆಯ ಗುಣಮಟ್ಟಕ್ಕೆ ಲೆಕ್ಕ ಒದಗಿಸಿದ ಗಣಿತಜ್ಞರು

ನರಸಿಂಹರಾಜಪುರ ತಾಲ್ಲೂಕಿನ ಕಡಹಿನಬೈಲು ಮೊದಲಾದ ಮಲೆನಾಡಿನ ಗ್ರಾಮಗಳ ನಾಗರಿಕರು ಪಹಣಿ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ ಮುಂತಾದ ಸೇವೆಗಳಿಗಾಗಿ ಸಲ್ಲಿಸುವ ಅರ್ಜಿಗಳು ಇಂದು ದತ್ತಾಂಶ ಜಾಲದ ಮೂಲಕ ಸಾಗುತ್ತವೆ. ಒಂದೇ ಜಾಲವನ್ನು ಹಲವರು ಏಕಕಾಲಕ್ಕೆ ಬಳಸುವಾಗ ಎಷ್ಟು ಮಂದಿಗೆ ಸಂಪರ್ಕ ತಪ್ಪಬಹುದು, ಎಷ್ಟು ಹೊತ್ತು ಕಾಯಬೇಕಾಗಬಹುದು ಎಂಬುದನ್ನು ಮುಂಚಿತವಾಗಿ ಲೆಕ್ಕ ಹಾಕುವ ಶಾಸ್ತ್ರಕ್ಕೆ ತಳಹದಿ ಹಾಕಿದವರು ಡೆನ್ಮಾರ್ಕ್ ದೇಶದ ಗಣಿತಜ್ಞರಾದ ಆಗ್ನರ್ ಕ್ರಾರುಪ್ ಎರ್ಲಾಂಗ್ ಅವರು.

ಜನನ ಮತ್ತು ವಿದ್ಯಾಭ್ಯಾಸ

ಎರ್ಲಾಂಗ್ ಅವರು 1878ರ ಜನವರಿ 1ರಂದು ಜಟ್ಲೆಂಡ್ ಪ್ರಾಂತದ ಲೋನ್‌ಬೋರ್ಗ್ ಗ್ರಾಮದಲ್ಲಿ ಜನಿಸಿದರು. ತಂದೆಯವರು ಗ್ರಾಮದ ಶಾಲಾ ಉಪಾಧ್ಯಾಯರಾಗಿದ್ದರು. ಹದಿನಾಲ್ಕನೆಯ ವಯಸ್ಸಿನಲ್ಲಿ ವಿಶೇಷ ಅನುಮತಿ ಪಡೆದು ಕೋಪನ್‌ಹೇಗನ್ ನಗರದಲ್ಲಿ ಪರೀಕ್ಷೆ ಬರೆದು ಉತ್ತೀರ್ಣರಾದ ಅವರು, ಬಳಿಕ ಎರಡು ವರ್ಷ ತಂದೆಯ ಶಾಲೆಯಲ್ಲಿಯೇ ಬೋಧಿಸಿದರು. ಮುಂದೆ ವಿದ್ಯಾರ್ಥಿವೇತನದ ನೆರವಿನಿಂದ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯವನ್ನು ಸೇರಿ, 1901ರಲ್ಲಿ ಗಣಿತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಹಲವು ವರ್ಷ ಶಿಕ್ಷಕರಾಗಿ ಸೇವೆ ಸಲ್ಲಿಸಿದರು.

ದೂರವಾಣಿ ಕಂಪನಿಯಲ್ಲಿ ಸೇವೆ

ಕೋಪನ್‌ಹೇಗನ್ ದೂರವಾಣಿ ಕಂಪನಿಯ ಮುಖ್ಯ ಅಭಿಯಂತರರೂ ಗಣಿತಜ್ಞರೂ ಆಗಿದ್ದ ಯೋಹಾನ್ ಯೆನ್ಸೆನ್ ಅವರ ಪರಿಚಯದ ಫಲವಾಗಿ 1908ರಲ್ಲಿ ಎರ್ಲಾಂಗ್ ಅವರು ಆ ಕಂಪನಿಯನ್ನು ಸೇರಿದರು. ತಂತಿಮಾರ್ಗಗಳು ಕಡಿಮೆಯಾದರೆ ಕರೆ ಮಾಡುವವರಿಗೆ ತೊಂದರೆ. ಹೆಚ್ಚಾದರೆ ವೃಥಾ ವೆಚ್ಚ. ಎಷ್ಟಿದ್ದರೆ ಸಾಕು ಎಂಬ ಪ್ರಶ್ನೆಗೆ ಉತ್ತರ ಬೇಕಾಗಿತ್ತು. ಆರಂಭದಲ್ಲಿ ಸಹಾಯಕ ಸಿಬ್ಬಂದಿ ಇಲ್ಲದ ಕಾರಣ, ಏಣಿ ಹೊತ್ತ ಕೆಲಸಗಾರರೊಬ್ಬರೊಡನೆ ನಗರದ ಬೀದಿಗಳಲ್ಲಿ ಸಂಚರಿಸಿ, ನೆಲದಡಿಯ ಗುಂಡಿಗಳಿಗೆ ಇಳಿದು ಅವರೇ ವಿದ್ಯುತ್ ಅಳತೆಗಳನ್ನು ಮಾಡುತ್ತಿದ್ದರು.

ಯಾದೃಚ್ಛಿಕವಾಗಿ ಬರುವ ದೂರವಾಣಿ ಕರೆಗಳೂ ಸಂಭವನೀಯತೆಯ ನಿಯಮಕ್ಕೆ ಒಳಪಟ್ಟಿವೆ ಎಂಬುದನ್ನು 1909ರ ಪ್ರಬಂಧದಲ್ಲಿ ಅವರು ನಿರೂಪಿಸಿದರು. 1917ರ ಪ್ರಬಂಧದಲ್ಲಿ ಸಂಪರ್ಕ ನಿರಾಕರಣೆಯ ಪ್ರಮಾಣ ಹಾಗೂ ಕಾಯುವಿಕೆಯನ್ನು ತಿಳಿಸುವ ಸೂತ್ರಗಳನ್ನು ನೀಡಿದರು. ಬ್ರಿಟಿಷ್ ಅಂಚೆ ಇಲಾಖೆಯೂ ಅವರ ಸೂತ್ರವನ್ನು ಅಂಗೀಕರಿಸಿತು.

ಲೆಕ್ಕದ ಸ್ವರೂಪ

ಉದಾಹರಣೆಗೆ, ಒಂದು ಕೇಂದ್ರಕ್ಕೆ ಗಂಟೆಗೆ ಸರಾಸರಿ 3 ನಿಮಿಷಗಳ 20 ಕರೆಗಳು ಬರುತ್ತವೆ ಎಂದು ಭಾವಿಸಿದರೆ, ಒಟ್ಟು 60 ನಿಮಿಷಗಳಾಗುತ್ತವೆ. ಒಂದೇ ಮಾರ್ಗ ಸಾಕೆಂದು ತೋರಬಹುದು. ಆದರೆ ಸೂತ್ರದ ಪ್ರಕಾರ ಆಗ ಎರಡು ಕರೆಗಳಲ್ಲಿ ಒಂದು ನಿರಾಕೃತವಾಗುತ್ತದೆ. ಎರಡು ಮಾರ್ಗಗಳಿದ್ದರೆ 5ರಲ್ಲಿ ಒಂದು, ಮೂರಿದ್ದರೆ 16ರಲ್ಲಿ ಒಂದು, ನಾಲ್ಕಿದ್ದರೆ 65ರಲ್ಲಿ ಒಂದು. ನಿರಾಕರಣೆ ಎಂದಿಗೂ ಪೂರ್ಣವಾಗಿ ಸೊನ್ನೆಯಾಗದು. ಆದುದರಿಂದ ಗುಣಮಟ್ಟದ ಖಾತರಿ ಎಂದರೆ ಅತ್ಯಂತ ದಟ್ಟಣೆಯ ಗಂಟೆಯಲ್ಲಿಯೂ ಮೀರದಂತಹ ಮಿತಿಯೊಂದನ್ನು ಮುಂಚಿತವಾಗಿ ನಿಗದಿಪಡಿಸಿ ಪಾಲಿಸುವುದೇ ಆಗಿದೆ.

ನಿಧನ ಮತ್ತು ಸ್ಮರಣೆ

ಅವಿವಾಹಿತರಾಗಿದ್ದ ಎರ್ಲಾಂಗ್ ಅವರು ಬಡವರಿಗೆ ಸದ್ದಿಲ್ಲದೆ ನೆರವಾಗುತ್ತಿದ್ದರು. 1929ರ ಫೆಬ್ರವರಿ 3ರಂದು, ತಮ್ಮ 51ನೆಯ ವಯಸ್ಸಿನಲ್ಲಿ ನಿಧನರಾದರು. 1946ರಲ್ಲಿ ದೂರವಾಣಿ ದಟ್ಟಣೆಯ ಅಂತರರಾಷ್ಟ್ರೀಯ ಮಾನಕ್ಕೆ ಎರ್ಲಾಂಗ್ ಎಂಬ ಹೆಸರನ್ನೇ ಇಡಲಾಯಿತು.

ಇಂದಿನ ಜಾಲಗಳು ಮತ್ತು ನಾಗರಿಕರು

ಅತಿವೇಗದ ದತ್ತಾಂಶ ಜಾಲದಲ್ಲಿ ಮಾಹಿತಿಯು ಸಣ್ಣ ಪ್ಯಾಕೆಟ್‌ಗಳಾಗಿ ಒಂದೇ ಮಾರ್ಗವನ್ನು ಹಂಚಿಕೊಂಡು ಸರತಿಯಲ್ಲಿ ಸಾಗುತ್ತದೆ. ಈ ದಟ್ಟಣೆಯು ದೂರವಾಣಿ ಕರೆಗಳಿಗಿಂತ ಹೆಚ್ಚು ಏರಿಳಿತವುಳ್ಳದ್ದೆಂದು 1990ರ ದಶಕದ ಅಧ್ಯಯನಗಳು ತೋರಿಸಿದ ಕಾರಣ, ಹಳೆಯ ಸೂತ್ರಗಳಷ್ಟೇ ಇಲ್ಲಿ ಸಾಲವು. ವೇಗ, ವಿಳಂಬ ಮತ್ತು ಪ್ಯಾಕೆಟ್ ನಷ್ಟಗಳನ್ನು ಅಳೆದು, ಧ್ವನಿ ಮತ್ತು ದೃಶ್ಯಗಳಂತಹ ತುರ್ತಿನ ಮಾಹಿತಿಗೆ ಆದ್ಯತೆ ನೀಡುವ ಕ್ರಮಗಳು ರೂಪುಗೊಂಡಿವೆ. ಆದರೂ ಎರ್ಲಾಂಗ್ ಅವರು ತೋರಿದ ದಾರಿಯಾದ ಅಳತೆ, ಲೆಕ್ಕ ಮತ್ತು ಮಿತಿ ಉಳಿದಿದೆ.

ಭಾರತದಲ್ಲಿ ದೂರಸಂಪರ್ಕ ಸೇವೆಯ ಗುಣಮಟ್ಟದ ಮಾನದಂಡಗಳನ್ನು ನಿಗದಿಪಡಿಸುವ ಹೊಣೆಯನ್ನು 1997ರ ಕಾಯಿದೆಯು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ ವಹಿಸಿದೆ. ಸಂಪರ್ಕದಲ್ಲಿ ಲೋಪ ಕಂಡುಬಂದಲ್ಲಿ ನಾಗರಿಕರು ದಿನಾಂಕ, ವೇಳೆ ಮತ್ತು ಅವಧಿಯನ್ನು ಗುರುತಿಸಿಕೊಂಡು, ಸೇವಾದಾರರ ದೂರು ಕೇಂದ್ರದಲ್ಲಿ ದೂರು ನೋಂದಾಯಿಸಿ ಅದರ ಸಂಖ್ಯೆಯನ್ನು ಪಡೆಯತಕ್ಕದ್ದು. ಪರಿಹಾರ ತೃಪ್ತಿಕರವಲ್ಲದಿದ್ದಲ್ಲಿ ಅದೇ ಸೇವಾದಾರರ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದಾಗಿದೆ.